ಗುಬ್ಬಿಗೆ ಬಂದ ವೈರಸ್ಸು

ಗುಬ್ಬಿ
೧೦ ಮೇ ೨೦೦೦

ಚಿ. ಅನಂತರಾಜುವಿಗೆ,

ನಿನ್ನ ಹಳೆಯ ಕನ್ನಡ ಉಪಾಧ್ಯಾಯಿನಿ ಲಕ್ಷ್ಮೀದೇವಮ್ಮ ಮಾಡುವ ಆಶೀರ್ವಾದಗಳು. ನೀನು ತುಮಕೂರಿನ ‘ಬಯಲು ವಾರ್ತೆ’ಗೆ ಉಪಸಂಪಾದಕನಾಗಿ ಸೇರಿದಂದಿನಿಂದ ನಮ್ಮಿಬ್ಬರ ನಡುವೆ ಪತ್ರವ್ಯವಹಾರವಿಲ್ಲ. ಉಪಾಧ್ಯಾಯನಾಗು ಎಂದು ನಾನು ಹೇಳಿದ್ದೆ, ನೀನು ಆಗಲಿಲ್ಲ. ಆ ವಿಷಯ ಈಗ ಬೇಡ.

ಭಾನುವಾರದ ನಿಮ್ಮ ಪತ್ರಿಕೆಯ ಮುಖಪುಟದಲ್ಲಿ ‘ಪ್ರೇಮಪತ್ರದ ರೂಪದಲ್ಲಿ ಮಾರಕ ವೈರಸ್! ತೆರೆದವರು ಬಲಿ!!’ ಎಂಬ ತಲೆಬರಹ ಐದು ಅಂಕಣಗಳ ಅಗಲಕ್ಕೆ ಪ್ರಕಟವಾಗಿದೆ. ಮಾರಕ ಎಂದರೆ ಕೊಲ್ಲುವಂಥದ್ದು. ವರದಿಯನ್ನು ಮತ್ತೆ ಮತ್ತೆ ಓದಿದರೂ ಸತ್ತವರು ಯಾರೆಂದು ತಿಳಿಯಲಿಲ್ಲ. ‘ತೆರೆದವರು ಬಲಿ’ ಎಂಬುದಕ್ಕೆ ಕ್ರಿಯಾಪದವಿಲ್ಲ. ಆಶ್ಚರ್ಯಸೂಚಕ ಚಿಹ್ನೆ ಒಂದಿದ್ದರೆ ಆಶ್ಚರ್ಯ. ಎರಡಿದ್ದರೆ ಏನೆಂದು ಯಾವ ವ್ಯಾಕರಣವೂ ಹೇಳಿಲ್ಲ. ಇಷ್ಟನ್ನೂ ಕ್ಷಮಿಸುತ್ತಿದ್ದೆನೇನೋ. ಆದರೆ ಜೊತೆಗೊಂದು ಚಿತ್ರವನ್ನೂ ಹಾಕಿದ್ದೀರಿ. ಮೈತುಂಬ ಮುಳ್ಳಿರುವ ದುಂಡನೆಯ ಕ್ರಿಮಿ. ಕಳೆದ ವರ್ಷ ಮೆದುಳು ಜ್ವರದ ವರದಿಗೆ ಹಾಕಿದ್ದ ಚಿತ್ರವೇ ಅದು.

ಇದರಿಂದ ಆದ ಅನಾಹುತವನ್ನು ಕೇಳು. ನನ್ನ ತಮ್ಮನ ಮಗಳು ನಂದಿತಾ ನನ್ನ ಜೊತೆಗಿದ್ದಾಳೆ. ಪೇಟೆಯಲ್ಲಿ ಚನ್ನವೀರಯ್ಯನವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಕಂಪ್ಯೂಟರ್ ತರಗತಿ ನಡೆಸುತ್ತಾಳೆ. ಬರುವವರಲ್ಲಿ ಹೆಚ್ಚಿನವರು ಹುಡುಗಿಯರು. ಚನ್ನವೀರಯ್ಯನವರ ತಾಯಿ ನಿಮ್ಮ ಚಿತ್ರವನ್ನು ನೋಡಿದವರೇ ಯಂತ್ರಕ್ಕೆ ‘ಅಮ್ಮ’ ಬಂದಿದೆಯೆಂದು ತೀರ್ಮಾನಿಸಿ ಕೋಣೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಸಿಡುಬು ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದಷ್ಟೆ? ಅಡುಗೆಮನೆಗೂ ತರಗತಿಗೂ ನಡುವೆ ಇರುವುದು ಒಂದೇ ಗೋಡೆ. ಆದ್ದರಿಂದ ಅಂದಿನಿಂದ ಆ ಮನೆಯಲ್ಲಿ ಸಪ್ಪೆ ಸಾರು. ಇತ್ತ ಇಬ್ಬರ ಹೊರತು ಉಳಿದ ಹುಡುಗಿಯರ ತಂದೆತಾಯಿಗಳು ಯಂತ್ರದೊಳಗೆ ಪ್ರೇಮಪತ್ರ ಬರುತ್ತದೆಂದು ಕೇಳಿ ಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸಿದ್ದಾರೆ.

ನಿನ್ನೆ ಚನ್ನವೀರಯ್ಯನವರು ಬಂದು ನಂದಿತಾಳಿಗೆ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: ‘ನೋಡವ್ವ, ಸ್ಕೂಲು ಸುರುವಾಗೋಗಂಟ ಕಾಯ್ತೀನಿ. ಹುಡುಗ್ರು ವಾಪಸ್ ಬಂದ್ರೆ ಸರಿ. ಇಲ್ದಿದ್ರೆ ರೂಮನ್ನ ಕೋಳಿ ಆಹಾರದ ಅಂಗಡಿಯವ್ನಿಗೆ ಕೊಡ್ತೀನಿ. ಕೋಳಿಗೆ ಏನ್ ರೋಗ ಬಂದ್ರೂ ನಮ್ಮವ್ವ ಒಗ್ಗರಣೆ ನಿಲ್ಸಲ್ಲ.’

ನಂದಿತಾ ಊಟ ಸರಿಯಾಗಿ ಮಾಡುತ್ತಿಲ್ಲ. ತಪ್ಪು ಎಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚಾಯಿತೋ ತಿದ್ದುಪಡಿಯೂ ಅಷ್ಟೇ ದೊಡ್ಡ ಅಕ್ಷರದಲ್ಲಿ, ಅದೇ ಜಾಗದಲ್ಲಿ ಬರಬೇಕು.

ನಿನ್ನ ಕ್ಷೇಮವನ್ನೂ, ಅದಕ್ಕಿಂತ ಮೊದಲು ನಿನ್ನ ತಿದ್ದುಪಡಿಯನ್ನೂ ಬಯಸುವ
ಲಕ್ಷ್ಮೀದೇವಮ್ಮ


ಸದಾಶಿವನಗರ, ತುಮಕೂರು
೧೩ ಮೇ ೨೦೦೦

ಪೂಜ್ಯ ಮೇಡಂ ಅವರಿಗೆ ಅನಂತರಾಜು ಮಾಡುವ ನಮಸ್ಕಾರಗಳು.

ಲಕೋಟೆಯ ಮೇಲಿನ ನಿಮ್ಮ ಅಕ್ಷರ ಕಂಡ ಕೂಡಲೇ ಎದ್ದು ನಿಂತೆ. ಕಚೇರಿಯವರೆಲ್ಲ ಏನಾಯಿತೆಂದು ಕೇಳಿದರು.

ಆ ತಲೆಬರಹ ನನ್ನದೇ, ಮೇಡಂ. ಸುದ್ದಿಸಂಸ್ಥೆಯ ವರದಿ ಇಂಗ್ಲಿಷಿನಲ್ಲಿ ಬಂದಾಗ ಪುಟ ಅಚ್ಚಿಗೆ ಹೊರಟು ನಿಂತಿತ್ತು. ಯಾವ ದೇಶದಲ್ಲಿ ಯಾರ ಯಾರ ಕಚೇರಿಗಳು ನಿಂತುಹೋದವು ಎಂಬುದು ಮೊದಲಲ್ಲಿತ್ತು. ಅಂಥ ಪತ್ರ ಬಂದರೆ ಏನು ಮಾಡಬೇಕು ಎಂಬುದು ಕೊನೆಯ ಪ್ಯಾರಾದಲ್ಲಿತ್ತು. ಕೊನೆಯ ಪ್ಯಾರಾ ಕೂರಬೇಕಾದ ಜಾಗದಲ್ಲಿ ಬೋರ್‌ವೆಲ್ ಜಾಹೀರಾತು ಬಂದು ಕೂತಿತು. ವೈರಸ್ಸಿನ ಚಿತ್ರ ಬೇಕೆಂದು ಸಂಪಾದಕರು ಕೂಗಿದರು. ನಮ್ಮಲ್ಲಿ ವೈರಸ್ ಎಂಬ ಹೆಸರಿನಲ್ಲಿದ್ದದ್ದು ಆ ಒಂದೇ ಚಿತ್ರ.

ಮುಖಪುಟದಲ್ಲಿ ತಿದ್ದುಪಡಿ ಕಷ್ಟ. ನಮ್ಮ ಸಂಪಾದಕ ಗಂಗಹನುಮಯ್ಯನವರದೊಂದು ಸೂತ್ರವಿದೆ: ‘ಭಯ ಮುಖಪುಟಕ್ಕೆ, ಅಭಯ ಆರನೇ ಪುಟಕ್ಕೆ.’ ಆದರೂ ಒಂದು ಸ್ಪಷ್ಟನೆಯನ್ನು ಖಂಡಿತ ಹಾಕಿಸುತ್ತೇನೆ. ವೈರಸ್ ಎಂಬುದಕ್ಕೆ ಸರಿಯಾದ ಕನ್ನಡ ಪದವನ್ನು ತಾವೇ ದಯಪಾಲಿಸಬೇಕು.

ತಮ್ಮ ಮುಂದೆ ಇಂದಿಗೂ ಕೈಕಟ್ಟಿ ನಿಂತಿರುವ
ಅನಂತರಾಜು


ಗುಬ್ಬಿ
೨೦ ಮೇ ೨೦೦೦

ಚಿ. ಅನಂತರಾಜುವಿಗೆ,

ನಿನ್ನ ಸ್ಪಷ್ಟನೆಯನ್ನು ಹುಡುಕಲು ನನಗೆ ಕನ್ನಡಕವೂ ಬೇಕಾಯಿತು, ನಂದಿತಾಳೂ ಬೇಕಾದಳು. ಆರನೆಯ ಪುಟದಲ್ಲಿ, ಕೋರ ಗ್ರಾಮದಲ್ಲಿ ಕಳೆದುಹೋದ ಎಮ್ಮೆಯ ಪ್ರಕಟಣೆಯ ಕೆಳಗಿತ್ತು. ಎಮ್ಮೆಗೆ ಚೌಕಟ್ಟು ಹಾಕಿದ್ದೀರಿ, ಸತ್ಯಕ್ಕೆ ಹಾಕಿಲ್ಲ.

ಇರಲಿ ಎಂದುಕೊಂಡು ಓದಿದೆ. ‘ಕಂಪ್ಯೂಟರ್ ವೈರಸ್ ಮನುಷ್ಯರಿಗೆ ಹರಡುವುದಿಲ್ಲ ಎಂದು ತಜ್ಞರು ತಿಳಿಸಿದ್ದಾರೆ. ಆದರೂ ಎಚ್ಚರವಿರಲಿ.’ ಈ ‘ಆದರೂ’ ಎಂಬ ಅವ್ಯಯವನ್ನು ಸೇರಿಸಿದವರು ಯಾರು? ಹರಡುವುದಿಲ್ಲವೆಂದ ಮೇಲೆ ಎಚ್ಚರ ಯಾವುದಕ್ಕೆ? ಇಷ್ಟು ದಿನ ಭಯಪಡದೆ ಬರುತ್ತಿದ್ದ ಇಬ್ಬರು ಹುಡುಗಿಯರೂ ಇದನ್ನು ಓದಿದ ಮೇಲೆ ಬರುತ್ತಿಲ್ಲ. ಚನ್ನವೀರಯ್ಯನವರ ತಾಯಿ ಒಣಗಿದ ಸೊಪ್ಪನ್ನು ತೆಗೆದು ಹೊಸ ಸೊಪ್ಪು ಕಟ್ಟಿದ್ದಾರೆ.

ನೀನು ಕೇಳಿದ ಪದ: ‘ಸ್ವಯಂಪ್ರಸರಣಶೀಲ ವಿಧ್ವಂಸಕ ಗಣಕಕ್ರಮವಿಧಿ.’ ಇದರಲ್ಲಿ ಅರ್ಥದೋಷವಿಲ್ಲ, ಸಂಧಿದೋಷವೂ ಇಲ್ಲ. ಬಳಸು.

ಆದರೂ ನಿನ್ನ ಮೇಲೆ ವಿಶ್ವಾಸವಿಟ್ಟಿರುವ (ಇಲ್ಲಿ ‘ಆದರೂ’ ಸರಿಯಾದ ಪ್ರಯೋಗ)
ಲಕ್ಷ್ಮೀದೇವಮ್ಮ


ತುಮಕೂರು
೨೪ ಮೇ ೨೦೦೦

ಪೂಜ್ಯ ಮೇಡಂ ಅವರಿಗೆ ನಮಸ್ಕಾರಗಳು.

‘ಆದರೂ’ ಸಂಪಾದಕರ ಕೊಡುಗೆ. ಎಚ್ಚರವಿರಲಿ ಎಂದು ಮುಗಿಸದಿದ್ದರೆ ಅದು ಸುದ್ದಿಯೇ ಅಲ್ಲವಂತೆ.

ತಮ್ಮ ಪದವನ್ನು ಎರಡು ಅಂಕಣದಲ್ಲಿ ಕೂರಿಸಲು ನೋಡಿದೆವು. ಮೂರು ಸಾಲಿಗೆ ಹರಿಯಿತು, ಸುದ್ದಿಗೆ ಜಾಗ ಉಳಿಯಲಿಲ್ಲ. ಮನೆಗೆ ಬಂದು ನನ್ನ ಹೆಂಡತಿಗೆ ಓದಿ ಹೇಳಿದೆ. ‘ಇದನ್ನ ಹಾಲಲ್ಲಿ ತಗೋಬೇಕೋ ಜೇನುತುಪ್ಪದಲ್ಲೋ?’ ಎಂದಳು.

ತಪ್ಪು ತಿಳಿಯಬಾರದು. ಪದ ಬೇಡ, ಮೇಡಂ. ಅದು ಏನೆಂದು ಗುಬ್ಬಿಯ ಒಬ್ಬ ತಾಯಿಗೆ ತಾವು ಹೇಗೆ ತಿಳಿಹೇಳುವಿರೋ ಹಾಗೆ ಒಂದು ಲೇಖನ ಬರೆದುಕೊಡಿ. ಅದನ್ನು ಹಿಡಿದು ಸಂಪಾದಕರೊಡನೆ ನಾನು ಹೊಡೆದಾಡುತ್ತೇನೆ. ಪ್ರಕಟವಾಗುವ ಮೊದಲು ಕರಡನ್ನು ತಮಗೆ ತೋರಿಸುತ್ತೇನೆ. ತಮ್ಮ ಒಪ್ಪಿಗೆಯಿಲ್ಲದೆ ಒಂದಕ್ಷರವೂ ಅಚ್ಚಾಗುವುದಿಲ್ಲ.

ವಿಧೇಯ
ಅನಂತರಾಜು


ಗುಬ್ಬಿ
೩೦ ಮೇ ೨೦೦೦

ಚಿ. ಅನಂತರಾಜುವಿಗೆ,

ಲೇಖನವನ್ನು ಇದರೊಡನೆ ಇಟ್ಟಿದ್ದೇನೆ. ಅದು ಹುಟ್ಟಿದ ಬಗೆಯನ್ನು ಬರೆಯದಿದ್ದರೆ ಸಮಾಧಾನವಾಗದು.

ಭಾನುವಾರ ತಾಯಂದಿರನ್ನು ತರಗತಿಗೆ ಕರೆಸಿದ್ದೆವು. ನಾನು ಮೊದಲಿಗೆ ನನ್ನ ಪದವನ್ನು ಬಿಡಿಸಿ ಬಿಡಿಸಿ ವಿವರಿಸಿದೆ. ಎಲ್ಲರೂ ಗೌರವದಿಂದ ಕೇಳಿದರು, ಒಬ್ಬರಿಗೂ ಅರ್ಥವಾಗಲಿಲ್ಲ. ಕಡಬದ ವನಜಮ್ಮ, ನಮ್ಮ ಒಳ್ಳೆಯ ವಿದ್ಯಾರ್ಥಿನಿ ಕೃತಿಕಾಳ ತಾಯಿ, ಆ ಪತ್ರ ಬರೆಯುವವನು ಯಾವೂರಿನವನೆಂದು ಕೇಳಿದರು. ಯಾರೂ ಬರೆಯುವುದಿಲ್ಲ, ತೆರೆದೊಡನೆ ಅದು ತಾನೇ ತನ್ನ ಪ್ರತಿಗಳನ್ನು ಮಾಡಿಕೊಂಡು ನಿಮ್ಮ ಪರಿಚಯದವರಿಗೆಲ್ಲ ಹೋಗುತ್ತದೆ, ಇದ್ದ ಕಡತಗಳನ್ನು ಹಾಳುಗೆಡಹುತ್ತದೆ ಎಂದೆ. ಹೇಳುತ್ತಿರುವಾಗಲೇ ನನ್ನ ಶಾಲೆಯಲ್ಲಿ ಪರೀಕ್ಷೆಯ ಕಾಲದಲ್ಲಿ ಹುಡುಗಿಯರು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡು ನಕಲು ಮಾಡುತ್ತಿದ್ದ ದೇವರ ಕಾರ್ಡುಗಳು ನೆನಪಾದವು. ‘ಇದನ್ನು ಹನ್ನೊಂದು ಜನರಿಗೆ ಬರೆದು ಹಾಕಿದರೆ ಶುಭ, ಹಾಕದಿದ್ದರೆ ಕೇಡು’ ಎಂದು ಅಂಚೆಯಲ್ಲಿ ಬರುವ ಕಾರ್ಡು. ನನ್ನ ಕೈಗೆ ಸಿಕ್ಕಿದವೆಲ್ಲ ನೀರೊಲೆಗೆ ಹೋಗಿವೆ, ನನಗೇನೂ ಆಗಿಲ್ಲ. ಇದೂ ಅದೇ ಎಂದೆ. ಆ ಕಾರ್ಡನ್ನು ನೀವು ಕೈನೋಯುವಂತೆ ಬರೆಯುತ್ತಿದ್ದಿರಿ, ಇದು ಆ ತೊಂದರೆಯನ್ನೂ ಕೊಡುವುದಿಲ್ಲ ಎಂದೆ.

ಕೋಣೆಯ ತುಂಬ ನಗು. ಪ್ರತಿಯೊಬ್ಬರಿಗೂ ಒಂದಲ್ಲ ಒಂದು ಕಾರ್ಡು ಬಂದಿತ್ತು. ಚನ್ನವೀರಯ್ಯನವರ ತಾಯಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡವರು, ಇಷ್ಟೇನಾ ಎಂದು ಗೊಣಗಿ ಸೊಪ್ಪನ್ನು ಬಿಚ್ಚಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಸಾಸಿವೆ ಸಿಡಿದ ಸದ್ದು ಕೇಳಿಸಿತು. ಅಷ್ಟು ಸುಖವಾದ ಸದ್ದನ್ನು ನಾನು ಇತ್ತೀಚೆಗೆ ಕೇಳಿಲ್ಲ.

ಆದರೆ ಅರ್ಧ ಮಾತ್ರ ಗೆದ್ದಿದ್ದೇವೆ. ವನಜಮ್ಮ ಹೋಗುವಾಗ ಹೇಳಿದರು: ‘ಕಾರ್ಡು ಅಂದ್ರಲ್ಲ ಮೇಡಮ್ಮೋರೆ, ರೋಗದ ಭಯ ಹೋಯ್ತು ಬುಡಿ. ಆದ್ರೆ ಪ್ರೀತಿ ಗೀತಿ ಅಂತ ಬರ್ಕೊಂಡು ಬಂದ್ರೆ ಈ ವಯಸ್ಸಿನವು ತೆರೀದೆ ಇರ್ತವಾ? ದೊಡ್ಡೋರೇ ತೆರೀತಾರೆ.’ ಉಳಿದ ತಾಯಂದಿರೂ ತಲೆಯಾಡಿಸಿದರು. ಚನ್ನವೀರಯ್ಯನವರೂ ಪಟ್ಟು ಬಿಟ್ಟಿಲ್ಲ. ಒಗ್ಗರಣೆ ಬಂತು, ಹುಡುಗಿಯರೂ ಬರಲಿ, ಆಮೇಲೆ ನೋಡೋಣ ಎನ್ನುತ್ತಾರೆ.

ಲೇಖನ ಬೇಗ ಅಚ್ಚಾಗಲಿ.

ಕರಡಿನ ದಾರಿ ಕಾಯುವ
ಲಕ್ಷ್ಮೀದೇವಮ್ಮ


ಗುಬ್ಬಿ
೭ ಜೂನ್ ೨೦೦೦

ಚಿ. ಅನಂತರಾಜುವಿಗೆ,

ನಿನ್ನ ಕರಡು ಬರಲಿಲ್ಲ, ಪತ್ರವೂ ಬರಲಿಲ್ಲ. ಆದರೆ ಇಲ್ಲಿ ನಡೆದ ಸಂಗತಿಯನ್ನು ನಿನಗೆ ಬರೆಯದೆ ಇರಲಾರೆ.

ನಿನ್ನೆ ತಾಯಂದಿರನ್ನು ಮತ್ತೆ ಕರೆಸಿದ್ದೆವು. ನಂದಿತಾ ಟೆಲಿಫೋನ್ ತಂತಿಯ ಮೂಲಕ ಪತ್ರಗಳು ಬರುವ ಬಗೆಯನ್ನು ತೋರಿಸುತ್ತಿದ್ದಳು. ಎಲ್ಲರೂ ನೋಡುತ್ತಿದ್ದಂತೆಯೇ ಒಂದು ಪತ್ರ ಬಂದಿಳಿಯಿತು. ಕಳಿಸಿದವರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಇದ್ದವು. ಜೊತೆಗೊಂದು ಕಡತವನ್ನು ಲಗತ್ತಿಸಲಾಗಿತ್ತು. ವಿಷಯ ಎಂಬಲ್ಲಿ, ಇಂಗ್ಲಿಷ್ ಲಿಪಿಯಲ್ಲಿ, ‘ಪ್ರಿತಿಯ ಮೆಡಂ’.

ಕೃತಿಕಾ ಅದನ್ನು ಗಟ್ಟಿಯಾಗಿ ಓದಿ ತಲೆತಗ್ಗಿಸಿದಳು. ತಾಯಂದಿರು ನನ್ನ ಮುಖವನ್ನೇ ನೋಡತೊಡಗಿದರು. ನಂದಿತಾಳ ಕೈ ತಡೆಯಿತು.

‘ಅತ್ತೆ, ನಿಮಗೆ ಗೊತ್ತಿರೋರು ಯಾರಾದ್ರೂ ಇರಬಹುದು,’ ಎಂದಳು.

‘ಪ್ರೀತಿಗೆ ದೀರ್ಘ ಕೊಡಲು ಬಾರದವನು ನನಗೆ ಗೊತ್ತಿರುವವನಾಗಿರಲು ಸಾಧ್ಯವಿಲ್ಲ. ಅಳಿಸು,’ ಎಂದೆ.

ಅವಳು ಇನ್ನೂ ಅನುಮಾನಿಸುತ್ತಿದ್ದುದರಿಂದ, ಯಾವ ಕೀಲಿಯೆಂದು ಕೇಳಿ ನಾನೇ ಒತ್ತಿದೆ. ಪತ್ರ ಮಾಯವಾಯಿತು. ವನಜಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತ, ‘ಏನ್ ಬರ್ದವ್ನೆ ಅಂತ ಒಂದ್ಚೂರೂ ಆಸೆ ಆಗ್ಲಿಲ್ವಾ ಮೇಡಮ್ಮೋರೆ?’ ಎಂದರು. ಆಗಲಿಲ್ಲವೆಂದು ಹೇಳಿದೆ. ಇಂದು ಬೆಳಿಗ್ಗೆ ಕೃತಿಕಾ ಕಡಬದ ಬಸ್ಸಿನಿಂದ ಇಳಿದು ನೇರವಾಗಿ ತರಗತಿಗೆ ಬಂದಳು. ಮಧ್ಯಾಹ್ನದ ವೇಳೆಗೆ ಇನ್ನೂ ಕೆಲವರು ಬಂದರು. ನಂದಿತಾ ಎರಡು ಸಲ ಅನ್ನ ಹಾಕಿಸಿಕೊಂಡಳು.

ನಿಮ್ಮ ಗುಬ್ಬಿಯ ವರದಿಗಾರ ಕರಿಬಸವಯ್ಯನೂ ಬಂದು ಎಲ್ಲವನ್ನೂ ಕೇಳಿ ಬರೆದುಕೊಂಡು ಹೋಗಿದ್ದಾನೆ. ಕಾಗುಣಿತ ತಿದ್ದುವ ಹೊಣೆ ನಿನ್ನದು.

ಹರ್ಷದಿಂದಿರುವ
ಲಕ್ಷ್ಮೀದೇವಮ್ಮ


ಕುಣಿಗಲ್
೧೨ ಜೂನ್ ೨೦೦೦

ಪೂಜ್ಯ ಮೇಡಂ ಅವರಿಗೆ ನಮಸ್ಕಾರಗಳು.

ನಾದಿನಿಯ ಮದುವೆಗೆಂದು ರಜೆ ಹಾಕಿ ಮಾವನ ಮನೆಗೆ ಬಂದಿದ್ದೇನೆ. ತಮ್ಮ ಪತ್ರ ತುಮಕೂರಿನಿಂದ ತಿರುಗಿ ಇಲ್ಲಿಗೆ ಇಂದು ತಲುಪಿತು. ಅದಕ್ಕೂ ಮೊದಲೇ ಶುಕ್ರವಾರದ ಪತ್ರಿಕೆಯನ್ನು ಇಲ್ಲಿನ ಬಸ್ ನಿಲ್ದಾಣದಲ್ಲಿ ನೋಡಿದ್ದೆ. ಮುಖಪುಟ, ನಾಲ್ಕು ಅಂಕಣ: ‘ಗುಬ್ಬಿಗೂ ಬಂತು ಪ್ರೇಮಪತ್ರ! ನಿವೃತ್ತ ಶಿಕ್ಷಕಿಯಿಂದ ತಕ್ಕ ಶಾಸ್ತಿ!!’ ಇದನ್ನು ಕೊಟ್ಟವರು ಸಂಪಾದಕರು, ನಾನಲ್ಲ. ಆ ವೈರಸ್ಸು ಗುಬ್ಬಿಯವರೆಗೆ ಬಂದು ಸೋತು ಹೋಯಿತೆಂದು ಕರಿಬಸವಯ್ಯ ಬರೆದಿದ್ದಾನೆ.

ಮೇಡಂ, ಇದನ್ನು ಹೇಗೆ ಬರೆಯಲಿ. ಆ ಪತ್ರ ನನ್ನದು.

ರಜೆಯ ಮೇಲೆ ಹೊರಡುವ ಮೊದಲು ಲೇಖನದ ಕರಡನ್ನು ತಮಗೆ ತೋರಿಸಬೇಕಿತ್ತು. ಕಚೇರಿಯ ಫೋನ್ ಕೆಟ್ಟಿತ್ತು. ನಂದಿತಾ ಅವರ ತರಗತಿಯ ಕರಪತ್ರದಲ್ಲಿದ್ದ ಇ-ಮೇಲ್ ವಿಳಾಸಕ್ಕೆ ಎದುರಿನ ಸೈಬರ್ ಅಂಗಡಿಯವನ ವಿಳಾಸದಿಂದ ಕಳಿಸಿದೆ, ಅದರಲ್ಲಿದ್ದದ್ದು ಬರೀ ಅಕ್ಷರ, ಅಂಕಿ. ಹೊರಗಿನ ಬೂತಿನಿಂದಾದರೂ ಒಂದು ಫೋನ್ ಮಾಡಿ ಹೇಳಬೇಕೆಂದು ಹೊಳೆಯಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ದೀರ್ಘ ಎಲ್ಲಿ ತಪ್ಪಿತೋ ತಿಳಿಯದು. ಕಾಗದದ ಮೇಲೆ ತಮಗೆ ‘ಪೂಜ್ಯ’ ಎಂದಲ್ಲದೆ ಬೇರೆ ಬರೆಯಲು ನನ್ನ ಕೈ ಬರುವುದಿಲ್ಲ. ಕೀಲಿಮಣೆಯ ಮುಂದೆ ಕುಳಿತಾಗ ಹೇಗೋ ಧೈರ್ಯ ಬಂತು.

ಇದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ತರಗತಿ ಈಗಷ್ಟೇ ಚೇತರಿಸಿಕೊಳ್ಳುತ್ತಿದೆ. ತಾವು ಹೇಳಿದಂತೆ ನಡೆದುಕೊಳ್ಳುತ್ತೇನೆ.

ತಲೆತಗ್ಗಿಸಿರುವ
ಅನಂತರಾಜು


ಗುಬ್ಬಿ
೧೫ ಜೂನ್ ೨೦೦೦

ಚಿ. ಅನಂತರಾಜುವಿಗೆ,

ನಿನ್ನ ಪತ್ರವನ್ನು ನಂದಿತಾಳಿಗೆ ಓದಿ ಹೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ಅವಳ ಮುಖ ಸಪ್ಪಗಾಯಿತು. ‘ಅತ್ತೆ, ಹೇಳೋದು ಬೇಡ. ಮೇಡಮ್ಮೋರಿಗೇ ಯಾವುದು ಏನು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಮತ್ತೆ ಎಲ್ರೂ ವಾಪಸ್ ಹೋಗ್ತಾರೆ. ರೂಮೂ ಹೋಗುತ್ತೆ,’ ಎಂದಳು. ಅವಳ ಮಾತಿನಲ್ಲಿ ನ್ಯಾಯವಿದೆ. ಅವಳ ಬದುಕು ಅವಳದು. ನನ್ನ ಹಟಕ್ಕೆ ಅದನ್ನು ಒಡ್ಡುವ ಅಧಿಕಾರ ನನಗಿಲ್ಲ. ಹೀಗೆಂದುಕೊಂಡು ಒಂದು ದಿನ ಸುಮ್ಮನಿದ್ದೆ.

ಇಂದು ಬೆಳಿಗ್ಗೆ ಅವಳೇ ಬಂದು, ‘ಹೇಳಿಬಿಡೋಣ ಅತ್ತೆ, ಪಾಠ ಮಾಡೋಕೆ ಆಗ್ತಿಲ್ಲ,’ ಎಂದಳು. ನಮ್ಮ ಮನೆಯ ಹುಡುಗಿ.

ಆದ್ದರಿಂದ ತಾಯಂದಿರಿಗೆ ನಾನು ಹೇಳುತ್ತೇನೆ, ಓದುಗರಿಗೆ ನೀವು ಹೇಳಬೇಕು. ಮುಖಪುಟದಲ್ಲಿ, ನಾಲ್ಕು ಅಂಕಣದಲ್ಲಿ. ಎಮ್ಮೆಯ ಕೆಳಗೆ ಹಾಕಿದರೆ ನಾನೇ ತುಮಕೂರಿಗೆ ಬಂದು ಗಂಗಹನುಮಯ್ಯನವರನ್ನು ಕಾಣುತ್ತೇನೆ.

ಅಳಿಸಿದ್ದು ತಪ್ಪೆಂದು ಮಾತ್ರ ನಾನು ಒಪ್ಪುವುದಿಲ್ಲ. ಆ ಕಾಗುಣಿತ ನಿನ್ನದೆಂದು ಗೊತ್ತಿದ್ದರೂ ಅಳಿಸುತ್ತಿದ್ದೆ.

ಸಂಬೋಧನೆಯ ವಿಷಯವನ್ನು ಇನ್ನೊಮ್ಮೆ ಬರೆಯುತ್ತೇನೆ.

ಲಕ್ಷ್ಮೀದೇವಮ್ಮ


ತುಮಕೂರು
೨೧ ಜೂನ್ ೨೦೦೦

ಪೂಜ್ಯ ಮೇಡಂ ಅವರಿಗೆ,

ಸಂಪಾದಕರು ಮೊದಲು ಕೇಳಲೇ ಇಲ್ಲ. ‘ತಪ್ಪೊಪ್ಪಿಗೆಯನ್ನು ಮುಖಪುಟಕ್ಕೆ ಹಾಕಿದ ಪತ್ರಿಕೆ ಉಳಿದದ್ದನ್ನು ನಾನು ಕಂಡಿಲ್ಲ,’ ಎಂದರು. ತಾವು ಬರುತ್ತೀರೆಂದೆ, ಅದಕ್ಕೆ ಸ್ವಲ್ಪ ಯೋಚಿಸಿದರು. ಕೊನೆಗೆ ನಾನು ಬರೆದುಕೊಂಡು ಹೋಗಿದ್ದ ತಲೆಬರಹವನ್ನು ಮೇಜಿನ ಮೇಲಿಟ್ಟೆ. ಓದಿದರು. ಕುಡಿಯುತ್ತಿದ್ದ ಚಹಾ ಮೂಗಿಗೆ ಏರಿ, ಕೆಮ್ಮಿ, ಕಣ್ಣೊರೆಸಿಕೊಂಡು ಹೇಳಿದರು: ‘ಲೇ, ಇದು ತಪ್ಪೊಪ್ಪಿಗೆ ಅಲ್ಲ ಕಣೋ, ಸುದ್ದಿ.’

ನಾಳೆ ಬರುತ್ತದೆ. ಕೆಳಗೆ ತಮ್ಮ ದೇವರ ಕಾರ್ಡಿನ ಲೇಖನ ಪೂರ್ತಿಯಾಗಿ ಇದೆ, ಕೊನೆಯ ಪ್ಯಾರಾವನ್ನೂ ಸೇರಿಸಿ. ಬೋರ್‌ವೆಲ್ಲನ್ನು ಒಳಪುಟಕ್ಕೆ ಕಳಿಸಿದ್ದೇವೆ. ಕರಡನ್ನು ಈ ಬಾರಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದೇನೆ.

ಆತಂಕದಿಂದ ಕಾಯುತ್ತಿರುವ
ಅನಂತರಾಜು


ಗುಬ್ಬಿ
೨ ಜುಲೈ ೨೦೦೦

ಪ್ರೀತಿಯ ಅನಂತುವಿಗೆ,

ದೀರ್ಘವನ್ನು ಗಮನಿಸು.

‘ಗುಬ್ಬಿಗೆ ಬಂದದ್ದು ವೈರಸ್ಸಲ್ಲ, ನಮ್ಮ ಉಪಸಂಪಾದಕ.’ ಈ ವಾಕ್ಯದಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ. ಆಶ್ಚರ್ಯಸೂಚಕ ಚಿಹ್ನೆಯನ್ನು ಒಂದೂ ಹಾಕದ ಸಂಯಮವನ್ನು ಮೆಚ್ಚಿದೆ. ಅಂದು ಪೇಟೆಯಲ್ಲಿ ಪತ್ರಿಕೆ ಹತ್ತು ಗಂಟೆಗೆ ಮೊದಲೇ ಮುಗಿದಿತ್ತು. ಹೋಟೆಲಿನಲ್ಲಿ ಒಬ್ಬರು ಓದಿದರೆ ಉಳಿದವರು ದೋಸೆ ಬಿಟ್ಟು ಕೇಳುತ್ತಿದ್ದರಂತೆ.

ತಾಯಂದಿರು ಮಧ್ಯಾಹ್ನ ಒಟ್ಟಾಗಿಯೇ ಬಂದರು. ನಾನು ಎದ್ದು ನಿಂತು, ಅಂದು ಅಳಿಸಿದ್ದು ನನ್ನ ವಿದ್ಯಾರ್ಥಿಯ ಪತ್ರವನ್ನು, ಅದನ್ನು ನಾನು ಗುರುತಿಸಲಿಲ್ಲ ಎಂದು ಹೇಳಿದೆ. ನಂದಿತಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ವನಜಮ್ಮ ಹೇಳಿದರು:

‘ಗೊತ್ತಿರೋರ ಹೆಸ್ರಲ್ಲೂ ಬತ್ತದೆ ಅಂತ ನೀವೇ ಪೇಪರ್ನಲ್ಲಿ ಬರ್ದಿದೀರಿ. ಬಂದ್ರೆ ಕಳ್ಸಿದೋರನ್ನ ಒಂದ್ಮಾತು ಕೇಳಿ, ಆಮೇಲೆ ತೆರೀಬೇಕು, ಅಷ್ಟೇ ತಾನೇ. ತಪ್ಪಾಯ್ತು ಅಂತ ಪೇಪರ್ನೋರು ಮುಂದ್ಗಡೆ ಹಾಕವ್ರೆ, ನೀವೂ ನಮ್ಮೆದ್ರುಗೆ ನಿಂತ್ಕಂಡು ಹೇಳಿದ್ರಿ. ಇಂಥ ಕಡೆ ಕಲೀಲಿ ಬುಡಿ ನನ್ ಮಗ್ಳು.’

ನಂದಿತಾ ವನಜಮ್ಮನವರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಈಗ ಕುಳಿತುಕೊಳ್ಳಲು ಜಾಗ ಸಾಲದೆ ಬೆಳಿಗ್ಗೆ ಒಂದು ತಂಡ, ಸಂಜೆ ಒಂದು ತಂಡ ಮಾಡಿದ್ದೇವೆ. ಚನ್ನವೀರಯ್ಯನವರು ಕೋಳಿ ಆಹಾರದವನಿಗೆ ಬೇರೆ ಕಡೆ ನೋಡಿಕೊಳ್ಳಲು ಹೇಳಿ ಕಳಿಸಿದರು. ವಾರಕ್ಕೊಂದು ದಿನ ನಾನು ಕನ್ನಡ ಕಾಗುಣಿತವನ್ನೂ ಹೇಳಿಕೊಡುತ್ತೇನೆ. ಮೋಸದ ಪತ್ರವನ್ನು ಹಿಡಿಯಲು ಅದು ಅಗತ್ಯವೆಂದು ಹುಡುಗಿಯರನ್ನು ನಂಬಿಸಿದ್ದೇನೆ.

ಪತ್ರಿಕೆಯಲ್ಲಿದ್ದುಕೊಂಡೂ ಪಾಠ ಹೇಳಬಹುದೆಂದು ನನಗೆ ಮೊದಲು ತಿಳಿದಿರಲಿಲ್ಲ. ಅದನ್ನು ಇಷ್ಟಕ್ಕೇ ಬಿಡುತ್ತೇನೆ.

ಬರುವ ಭಾನುವಾರ ಹೆಂಡತಿಯನ್ನು ಕರೆದುಕೊಂಡು ಊಟಕ್ಕೆ ಬಾ. ವೈರಸ್ಸು ನೋಡಲು ಹೇಗಿರುತ್ತದೆಂದು ಹುಡುಗಿಯರು ದಿನವೂ ಕೇಳುತ್ತಾರೆ. ಎದುರಿಗೇ ತಂದು ನಿಲ್ಲಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಗಡ್ಡ ಬೋಳಿಸಿಕೊಂಡು ಬಾ.

ನಿನ್ನ ಪ್ರೀತಿಯ
ಮೇಡಂ